ಅರ್ಧ ದಿನ ಹಿಂದೆ

ಬೆಳಿಗ್ಗೆ ಎದ್ದು ಪರದೆ ಸರಿಸಿದೆ. ನಿನ್ನೆ ಇದ್ದದ್ದೇ ಇತ್ತು. ಮೇಲೊಂದು ನೀಲಿ, ಕೆಳಗೊಂದು ನೀಲಿ, ನಡುವೆ ಅಡಿಕೋಲು ಇಟ್ಟು ಎಳೆದಂಥ ಗೆರೆ. ಮೊನ್ನೆಯೂ ಇದೇ. ಹಡಗು ರಾತ್ರಿಯೆಲ್ಲ ಓಡಿದೆ ಅನ್ನುವುದಕ್ಕೆ ಒಂದು ಸಾಕ್ಷಿಯೂ ಇಲ್ಲ. ರಾತ್ರಿ ಎಂಜಿನ್ ಆಫ್ ಮಾಡಿ ಎಲ್ಲರೂ ಮಲಗಿ, ಬೆಳಿಗ್ಗೆ ಎದ್ದು ಮತ್ತೆ ಆನ್ ಮಾಡಿದ್ದಾರೆ ಅಂತ ಯಾರಾದರೂ ಹೇಳಿದರೆ ನಂಬಲೇಬೇಕು.

ಕ್ರೂಸ್ ಹೋಗುವವರು ಇಂಥ ದಿನಕ್ಕೆ ಸೀ ಡೇ ಅನ್ನುತ್ತಾರೆ. ಅವತ್ತು ಬಂದರು ಇರುವುದಿಲ್ಲ. ಇಳಿಯೋದಿಲ್ಲ, ಹತ್ತೋದಿಲ್ಲ, ಬಸ್ಸಿಗೆ ಓಡೋದಿಲ್ಲ. ನಾಲ್ಕು ಗಂಟೆಯೊಳಗೆ ವಾಪಸ್ ಬರದಿದ್ದರೆ ಹಡಗು ಬಿಟ್ಟು ಹೋಗುತ್ತೆ ಅನ್ನೋ ಭಯವೂ ಇಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಬರೀ ನೀರು. ಇದಕ್ಕೆ ಯಾರು ದುಡ್ಡು ಕೊಡ್ತಾರೆ ಅಂತ ಕೇಳುವವರಿದ್ದಾರೆ. ಟಿಕೆಟ್ ತೆಗೆಯುವ ಮೊದಲು ನಾನೂ ಅದನ್ನೇ ಕೇಳಿದ್ದೆ.

ನಮ್ಮ ಹಡಗು ಬೇಸಿಗೆಯೆಲ್ಲ ಮೆಡಿಟರೇನಿಯನ್‌ನಲ್ಲಿ ಸುತ್ತಿ, ಚಳಿ ಶುರುವಾಗುತ್ತಿದ್ದಂತೆ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ಕಡೆ ಹೊರಟಿತ್ತು. ಪ್ರತಿ ವರ್ಷ ಹೀಗೆ ಹತ್ತಾರು ಹಡಗುಗಳು ಬಿಸಿಲು ಹುಡುಕಿಕೊಂಡು ಜಾಗ ಬದಲಾಯಿಸುತ್ತವೆ. ಹೇಗೂ ಹೋಗಲೇಬೇಕು, ಖಾಲಿ ಯಾಕೆ ಹೋಗೋದು ಅಂತ ಜನರನ್ನೂ ಹತ್ತಿಸಿಕೊಳ್ಳುತ್ತವೆ. ಕ್ಯಾನರಿ ದ್ವೀಪಗಳನ್ನು ಬಿಟ್ಟ ಮೇಲೆ ಸುಮಾರು ಆರು ದಿನ ನೆಲ ಕಾಣುವುದಿಲ್ಲ. ಕೊಲಂಬಸ್ 1492ರಲ್ಲಿ ಇದೇ ದ್ವೀಪಗಳಿಂದ ಸೆಪ್ಟೆಂಬರ್ 6ಕ್ಕೆ ಹೊರಟು ನೆಲ ಕಂಡದ್ದು ಅಕ್ಟೋಬರ್ 12ಕ್ಕೆ. 36 ದಿನ. ಅದಕ್ಕೆ ಹೋಲಿಸಿದರೆ ನಮ್ಮದು ಏನೂ ಅಲ್ಲ. ಆದರೂ ಆರು ದಿನ ಸುಮ್ಮನೆ ಕೂರುವುದು ನನ್ನಂಥವರಿಗೆ ಸಣ್ಣ ಮಾತಲ್ಲ. ಅವತ್ತಿನದು ಮೂರನೆಯ ದಿನ.

ಜೊತೆಗೆ ಅಪ್ಪ, ಅಮ್ಮ ಇದ್ದರು. ಪಕ್ಕದ ಕ್ಯಾಬಿನ್. ಎರಡೂ ಬಾಲ್ಕನಿಗಳ ನಡುವೆ ಒಂದು ತೆಳು ಹಲಗೆ. ಬಗ್ಗಿದರೆ ಮುಖ ಕಾಣುತ್ತೆ.

ಅಮ್ಮ ಸೀ ಡೇ ಅಂದರೆ ಹೆದರುವವಳಲ್ಲ. ಪ್ರತಿ ರಾತ್ರಿ ಕ್ಯಾಬಿನ್ ಬಾಗಿಲಿಗೆ ಮರುದಿನದ ಕಾರ್ಯಕ್ರಮದ ಹಾಳೆ ಬರುತ್ತದೆ. ಇಂಥ ಗಂಟೆಗೆ ಇಂಥ ಡೆಕ್ಕಿನಲ್ಲಿ ಬಿಂಗೋ, ಇಂಥಲ್ಲಿ ಡಾನ್ಸ್ ಕ್ಲಾಸು, ಇಂಥಲ್ಲಿ ಕರವಸ್ತ್ರ ಮಡಿಸುವುದು ಹೇಗೆ. ಬಂದರಿನ ದಿನ ಈ ಹಾಳೆ ತೆಳ್ಳಗಿರುತ್ತದೆ. ಸೀ ಡೇ ದಿನ ತುಂಬಿ ತುಳುಕುತ್ತದೆ. ಅಂಗಡಿ, ಕ್ಯಾಸಿನೋ ಕೂಡ ಆವತ್ತೇ ಬೆಳಿಗ್ಗೆಯಿಂದ ತೆರೆದಿರುತ್ತವೆ. ಬಂದರಿನಲ್ಲಿ ಆ ದೇಶದ ತೆರಿಗೆ, ಕಾನೂನು ಎಲ್ಲ ಅಡ್ಡ ಬರುವುದರಿಂದ ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಅಮ್ಮ ಹಾಳೆಯನ್ನು ಪರೀಕ್ಷೆಯ ಟೈಮ್ ಟೇಬಲ್ ಥರ ಓದಿ, ಬೇಕಾದ್ದಕ್ಕೆಲ್ಲ ಪೆನ್ನಿನಲ್ಲಿ ಸುತ್ತು ಹಾಕಿಟ್ಟುಕೊಂಡಿರುತ್ತಾಳೆ. ಎರಡು ದಿನದಲ್ಲಿ ಅವಳಿಗೆ ಆರು ಜನ ಗೆಳತಿಯರು. ಯಾರ ಭಾಷೆಯೂ ಯಾರಿಗೂ ಬರೋದಿಲ್ಲ. ಬಿಂಗೋಗೆ ಅಂಕಿ ಗೊತ್ತಿದ್ದರೆ ಸಾಕಲ್ವಾ.

ಅಪ್ಪನದು ಬೇರೆಯೇ ಜಾತಕ. ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರೋದಿಲ್ಲ. ಕ್ಯಾಪ್ಟನ್ ದಾರಿಯುದ್ದಕ್ಕೂ ಆಗಾಗ ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ ಅಂತ ಹೇಳುತ್ತಾರೆ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಾವು ಪಶ್ಚಿಮಕ್ಕೆ ಅಷ್ಟು ದಾಟಿದಾಗಲೆಲ್ಲ ನಮಗೆ ಒಂದು ಗಂಟೆ ಲಾಭ. ಎಲ್ಲರೂ ಖುಷಿಯಿಂದ ತಿರುಗಿಸಿಕೊಂಡರು. ಅಪ್ಪ ಮಾತ್ರ ವಾಚು ಮುಟ್ಟಲಿಲ್ಲ. ಅವರ ಕೈಯಲ್ಲಿ ಇನ್ನೂ ಮನೆಯದೇ ಗಂಟೆ ಓಡುತ್ತಿತ್ತು.

"ಅಪ್ಪಾ, ತಿರುಗಿಸಿಕೊಳ್ಳಿ, ಊಟದ ಹೊತ್ತು ತಪ್ಪಿಹೋಗುತ್ತೆ" ಅಂದೆ.

"ಹಸಿವು ವಾಚು ನೋಡ್ಕೊಂಡು ಬರುತ್ತಾ?" ಅಂದರು.

ಅದಕ್ಕೆ ಉತ್ತರ ಇರಲಿಲ್ಲ.

ತಿಂಡಿ ಮುಗಿಸಿ ಮೇಲಿನ ಡೆಕ್ಕಿಗೆ ಹೋದೆ. ಈಜುಕೊಳದ ಸುತ್ತ ನೂರಾರು ಆರಾಮಕುರ್ಚಿ, ಎಲ್ಲದರ ಮೇಲೂ ಟವೆಲ್ಲು, ಒಂದರಲ್ಲೂ ಮನುಷ್ಯರಿಲ್ಲ. ಬೆಳಿಗ್ಗೆ ಆರಕ್ಕೇ ಬಂದು ಟವೆಲ್ಲು, ಕ್ಲಿಪ್ಪು, ಒಂದು ಚಪ್ಪಲಿ ಬಿಟ್ಟು ಹೋಗಿರುತ್ತಾರೆ. ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದ ಹಾಗೆ. ಒಂದು ಸಮಾಧಾನವೂ ಆಯಿತು. ಸೀಟು ಹಿಡಿಯುವ ಬುದ್ಧಿ ಯಾವ ದೇಶದವರನ್ನೂ ಬಿಟ್ಟಿಲ್ಲ.

ಕೊಳದ ನೀರು ಮಾತ್ರ ನೋಡುವ ಹಾಗಿತ್ತು. ಹಡಗು ತೂಗುವುದು ಕಾಲಿಗೆ ಗೊತ್ತಾಗುವುದೇ ಇಲ್ಲ. ನೀರಿನ ಕೆಳಗೆ ಎರಡೂ ಪಕ್ಕದಲ್ಲಿ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಹಡಗು ಒಂದು ಕಡೆ ವಾಲಲು ಹೊರಟರೆ ಅವು ತಿರುಗಿ ಇನ್ನೊಂದು ಕಡೆ ಒತ್ತುತ್ತವೆ. ಆದರೆ ಕೊಳದ ನೀರಿಗೆ ಮೋಸ ಮಾಡಲು ಆಗುವುದಿಲ್ಲ. ಅದು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೊರಳುತ್ತಲೇ ಇತ್ತು. ನಾಲ್ಕು ಮಕ್ಕಳು ಅದರ ಮಧ್ಯೆ ನಿಂತು, ನೀರು ಸೊಂಟದಿಂದ ಎದೆಗೆ ಬಂದಾಗಲೆಲ್ಲ ಕಿರುಚುತ್ತಿದ್ದವು.

ಕೊನೆಗೆ ಜಾಗ ಸಿಕ್ಕಿದ್ದು ಕೆಳಗಿನ ಪ್ರಾಮೆನೇಡ್ ಡೆಕ್ಕಿನಲ್ಲಿ. ಹಡಗಿನ ಪಕ್ಕದುದ್ದಕ್ಕೂ ಇರುವ ಉದ್ದನೆಯ ಪಡಸಾಲೆ ಅದು. ಮೇಲೆ ಲೈಫ್ ಬೋಟುಗಳು ನೇತಾಡುತ್ತಿರುತ್ತವೆ, ಅವುಗಳ ನೆರಳು. ಸಂಗೀತ ಇಲ್ಲ, ಮೈಕು ಇಲ್ಲ. ನೀರು ಹಡಗಿನ ಮೈಗೆ ಉಜ್ಜಿಕೊಂಡು ಹೋಗುವ ಒಂದೇ ಸದ್ದು. ಪುಸ್ತಕ ತೆಗೆದು ಕುಳಿತೆ. ಎರಡು ಗಂಟೆ ಕುಳಿತಿದ್ದೆ. ಹನ್ನೊಂದು ಪುಟ ಓದಿದೆ.

ಮನೆಯಲ್ಲಿ ಎರಡು ಗಂಟೆ ಹೀಗೆ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಹತ್ತನೇ ನಿಮಿಷಕ್ಕೆ ಬಟ್ಟೆ ಒಣಗಿಸಿಲ್ಲ ಅಂತ ನೆನಪಾಗುತ್ತಿತ್ತು. ಇಪ್ಪತ್ತಕ್ಕೆ ಯಾರಿಗೋ ಫೋನ್ ಮಾಡಬೇಕಿತ್ತು ಅಂತ. ಅರ್ಧ ಗಂಟೆಗೆ, ಏನೂ ನೆನಪಾಗದಿದ್ದರೂ, ಏನೋ ತಪ್ಪು ಮಾಡುತ್ತಿದ್ದೇನೆ ಅನ್ನುವ ಕಸಿವಿಸಿ. ಹಡಗಿನಲ್ಲಿ ಅದು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹಡಗು ಹೋಗುತ್ತಲೇ ಇತ್ತಲ್ಲ! ನಾನು ಕೂತಿದ್ದೆ, ಆದರೆ ನನ್ನ ಪರವಾಗಿ ಯಾರೋ ಎಲ್ಲಿಗೋ ಹೋಗುತ್ತಿದ್ದರು. ವೇಗ 18 ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಅಲ್ಲಿಗೆ 33 ಕಿಲೋಮೀಟರ್ ಚಿಲ್ಲರೆ. ಸ್ಕೂಟರಿನಲ್ಲಿ ಆರಾಮಾಗಿ ಹೋಗುವ ವೇಗ, ಅಷ್ಟೇ. ಆದರೆ ಅದು ಸಿಗ್ನಲ್ಲಿಗೆ ನಿಲ್ಲುವುದಿಲ್ಲ, ನಿದ್ದೆ ಮಾಡುವುದಿಲ್ಲ. ಒಂದು ದಿನಕ್ಕೆ 800 ಕಿಲೋಮೀಟರ್. ಹನ್ನೊಂದು ಪುಟ ಓದುವಷ್ಟರಲ್ಲಿ ನಾನು 66 ಕಿಲೋಮೀಟರ್ ದಾಟಿದ್ದೆ. ಸೋಮಾರಿ ಅಂತ ಯಾರು ಹೇಳಲು ಸಾಧ್ಯ?

ಒಳ್ಳೆ ಸಬೂಬು. ಆದರೆ ಕೆಲಸ ಮಾಡಿತು.

ಇದರಲ್ಲಿ ಒಂದು ತಮಾಷೆಯೂ ಇದೆ. ಇಂಥ ವಿಹಾರ ಯಾನ ಒಂದು ಉದ್ಯಮವಾಗಿ ಬೆಳೆಯಲು ಕಾರಣವಾದದ್ದೇ ಹಡಗು ಸುಮ್ಮನೆ ನಿಂತಿರಬಾರದು ಅನ್ನುವ ಚಿಂತೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆಲ್ಬರ್ಟ್ ಬ್ಯಾಲಿನ್ ಅನ್ನುವವರು ಒಂದು ಹಡಗು ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ಒರಟು. ಅಮೆರಿಕಕ್ಕೆ ಹೋಗುವ ಜನ ಕಡಿಮೆ. ಅಷ್ಟು ದೊಡ್ಡ ಹಡಗು ಕಟ್ಟೆಗೆ ಕಟ್ಟಿ ಹಾಕಿದ ಎಮ್ಮೆಯ ಹಾಗೆ ನಿಂತಿರುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಅವರು 1891ರ ಜನವರಿ 22ರಂದು 'ಆಗಸ್ಟಾ ವಿಕ್ಟೋರಿಯಾ' ಅನ್ನುವ ಹಡಗನ್ನು 241 ಪ್ರಯಾಣಿಕರ ಜೊತೆ ಮೆಡಿಟರೇನಿಯನ್ ಸುತ್ತಲು ಕಳಿಸಿದರು. ಎರಡು ತಿಂಗಳಿಗೆ ಸ್ವಲ್ಪ ಕಡಿಮೆ ಸುತ್ತಾಟ. ಚಳಿಯಲ್ಲಿ ಹಡಗು ಹತ್ತಿ ಸುಮ್ಮನೆ ಸುತ್ತಿ ಬರಲು ಯಾರು ಬರುತ್ತಾರೆ ಅಂತ ನಕ್ಕವರಿದ್ದರು. ಜನ ಬಂದರು. ಅಂದರೆ ಹಡಗು ಸುಮ್ಮನಿರಬಾರದು ಅಂತ ಒಬ್ಬರು ಹೊರಡಿಸಿದರು. ನಾವು ಸುಮ್ಮನಿರಲು ಅದನ್ನು ಹತ್ತಿದೆವು.

ಹನ್ನೊಂದರ ಹೊತ್ತಿಗೆ ಅಪ್ಪ ಬಂದರು. ಕೈಯಲ್ಲಿ ಒಂದು ಕಾಗದದ ಲೋಟ, ಒಂದು ಪೆನ್ನು, ಅಮ್ಮನ ಕಾರ್ಯಕ್ರಮದ ಹಾಳೆ.

"ಬಾ ಇಲ್ಲಿ, ನಾವು ಎಲ್ಲಿದ್ದೀವಿ ಅಂತ ಕಂಡುಹಿಡಿಯೋಣ."

"ಕ್ಯಾಬಿನ್ನಿನ ಟಿವಿಯಲ್ಲಿ ತೋರಿಸುತ್ತಲ್ಲ ಅಪ್ಪಾ. ಚಾನೆಲ್ ಹಾಕಿದರೆ ನಕ್ಷೆ, ಅಕ್ಷಾಂಶ, ರೇಖಾಂಶ ಎಲ್ಲ ಬರುತ್ತೆ."

"ಗೈಡ್ ನೋಡಿ ಉತ್ತರ ಬರೆಯೋ ಹುಡುಗರನ್ನ ನಾನು ಪಾಸ್ ಮಾಡಿದೋನಲ್ಲ."

ಬಿಸಿಲು ಬೀಳುವ ಒಂದು ಮೇಜು ಹಿಂಭಾಗದ ಡೆಕ್ಕಿನಲ್ಲಿ ಸಿಕ್ಕಿತು. ಅಪ್ಪ ಕಾಗದದ ಲೋಟವನ್ನು ಬೋರಲು ಹಾಕಿ, ತಳಕ್ಕೆ ತೂತು ಮಾಡಿ, ಪೆನ್ನನ್ನು ನೆಟ್ಟಗೆ ನಿಲ್ಲಿಸಿದರು. ಅದರ ನೆರಳು ಬೀಳುವ ಕಡೆ ಹಾಳೆ ಹಾಸಿದರು, ಖಾಲಿ ಮಗ್ಗುಲು ಮೇಲೆ ಮಾಡಿ. ನೆರಳಿನ ತುದಿ ಎಲ್ಲಿವರೆಗೆ ಬಂದಿದೆ ಅಂತ ನೋಡಿ ಒಂದು ಚುಕ್ಕೆ. ಪಕ್ಕದಲ್ಲಿ ವಾಚು ನೋಡಿ ಗಂಟೆ, ನಿಮಿಷ. ಹಡಗಿನ ಗಡಿಯಾರದಲ್ಲಿ ಹನ್ನೊಂದೂ ಕಾಲು ಆಗಿದ್ದಾಗ ಅಪ್ಪನ ವಾಚಿನಲ್ಲಿ ಸಂಜೆ ಏಳಕ್ಕೆ ಕಾಲು ಗಂಟೆ ಬಾಕಿ. ಪಕ್ಕದ ಮೇಜಿನ ದಂಪತಿ ಕಾಫಿ ಕುಡಿಯುವುದು ಬಿಟ್ಟು ನೋಡುತ್ತಿದ್ದರು.

ಲೆಕ್ಕ ಸರಳ. ಮಧ್ಯಾಹ್ನದವರೆಗೆ ನೆರಳು ಗಿಡ್ಡವಾಗುತ್ತಾ ಹೋಗುತ್ತದೆ, ಆಮೇಲೆ ಉದ್ದವಾಗುತ್ತದೆ. ತೀರಾ ಗಿಡ್ಡ ಯಾವಾಗ ಅಂತ ಕಣ್ಣಲ್ಲಿ ಹಿಡಿಯುವುದು ಕಷ್ಟ. ಬದಲು, ಬೆಳಿಗ್ಗೆ ನೆರಳು ಇಷ್ಟುದ್ದ ಇದ್ದದ್ದು ಯಾವಾಗ, ಮಧ್ಯಾಹ್ನದ ಮೇಲೆ ಮತ್ತೆ ಅಷ್ಟೇ ಉದ್ದ ಆದದ್ದು ಯಾವಾಗ ಅಂತ ಬರೆದುಕೊಂಡು ಎರಡರ ನಡುವಿನ ಹೊತ್ತು ಹಿಡಿದರೆ ಸೂರ್ಯ ನೆತ್ತಿಯ ಗೆರೆ ದಾಟಿದ ಗಳಿಗೆ ಸಿಗುತ್ತದೆ. ನಾವಿರುವ ಜಾಗದ ಮಧ್ಯಾಹ್ನ ಅದು. ಇನ್ನೊಂದು ಊರಿನ ಗಂಟೆ ಕೈಯಲ್ಲಿದ್ದರೆ, ಎರಡರ ನಡುವಿನ ವ್ಯತ್ಯಾಸವೇ ದೂರ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ.

ಆಗ ಗೊತ್ತಾಯಿತು ಅಪ್ಪ ವಾಚು ಯಾಕೆ ತಿರುಗಿಸಿರಲಿಲ್ಲ ಅಂತ. ನಾನು ಹಟ ಅಂದುಕೊಂಡಿದ್ದೆ. ಹಟವೂ ಇತ್ತು ಬಿಡಿ.

ಹಳೆಯ ನಾವಿಕರಿಗೆ ಇಲ್ಲದೆ ಹೋದದ್ದು ಇಷ್ಟೇ, ಮನೆಯ ಗಂಟೆಯನ್ನು ತಪ್ಪದೆ ಹೇಳುವ ಒಂದು ಗಡಿಯಾರ. ಉತ್ತರ-ದಕ್ಷಿಣ ಎಷ್ಟು ಬಂದಿದ್ದೇವೆ ಅನ್ನುವುದನ್ನು ಸೂರ್ಯನ ಎತ್ತರ ನೋಡಿ ಹೇಳುತ್ತಿದ್ದರು. ಪೂರ್ವ-ಪಶ್ಚಿಮ ಮಾತ್ರ ಅಂದಾಜು. ಲೋಲಕದ ಗಡಿಯಾರ ಹಡಗಿನ ತೂಗಾಟಕ್ಕೆ ದಿಕ್ಕು ತಪ್ಪುತ್ತಿತ್ತು. 1707ರಲ್ಲಿ ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಒಂದೇ ರಾತ್ರಿ ನಾಲ್ಕು ಯುದ್ಧನೌಕೆ ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಏಳು ವರ್ಷದ ನಂತರ, 1714ರಲ್ಲಿ, ರೇಖಾಂಶ ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಅಂತ ಅಲ್ಲಿನ ಸಂಸತ್ತು ಕಾನೂನು ಮಾಡಿತು. ದೊಡ್ಡ ದೊಡ್ಡ ವಿದ್ವಾಂಸರು ಆಕಾಶ ನೋಡುತ್ತಾ ಕೂತಿದ್ದಾಗ, ಜಾನ್ ಹ್ಯಾರಿಸನ್ ಅನ್ನುವ ಬಡಗಿ ದಶಕಗಟ್ಟಲೆ ಗಡಿಯಾರ ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ. ಅವನ ನಾಲ್ಕನೆಯದು ಅಂಗೈಯಲ್ಲಿ ಹಿಡಿಸುವ ದಪ್ಪ ವಾಚು. ಅದನ್ನು ಅವನ ಮಗ 1761ರ ನವೆಂಬರಿನಲ್ಲಿ ಹಡಗಿನಲ್ಲಿ ಜಮೈಕಾಕ್ಕೆ ಒಯ್ದ. ತಲುಪಿದಾಗ ನೋಡಿದರೆ ತಪ್ಪು ಬರೀ ಐದು ಸೆಕೆಂಡಿನಷ್ಟು. ದಾಟಿದ್ದು ಇದೇ ಅಟ್ಲಾಂಟಿಕ್, ತಿಂಗಳೂ ಇದೇ ನವೆಂಬರ್. ಅಪ್ಪ ಇದನ್ನೆಲ್ಲ ಹೇಳುವಾಗ ಎಡಗೈಯನ್ನು ಸ್ವಲ್ಪ ಮುಂದೆಯೇ ಚಾಚಿ ಹಿಡಿದಿದ್ದರು.

ಸರಿಯಾಗಿ ಹನ್ನೆರಡಕ್ಕೆ ಸ್ಪೀಕರಿನಲ್ಲಿ ಕ್ಯಾಪ್ಟನ್ ದನಿ ಬಂತು. ಸೀ ಡೇ ದಿನ ಇಡೀ ಹಡಗು ಒಂದೇ ಸಲ ಸುಮ್ಮನಾಗುವುದು ಆ ಎರಡು ನಿಮಿಷ. ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. ಕಾಪಿ ಹೊಡೆದ ಹಾಗೆ ಆಗಬಾರದು ನೋಡಿ. ನಾನು ಕೇಳಿಸಿಕೊಂಡೆ. ಹಡಗು ಇಂಥಲ್ಲಿದೆ, ಕೆಳಗೆ ನೀರಿನ ಆಳ ಸುಮಾರು ಐದು ಸಾವಿರ ಮೀಟರ್, ಗಾಳಿ ಈಶಾನ್ಯದಿಂದ 15 ನಾಟ್.

ಐದು ಕಿಲೋಮೀಟರ್ ನೀರು. ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡೆ, ಅದರಿಂದ ಏನೋ ಉಪಯೋಗ ಆಗುತ್ತದೆ ಅನ್ನುವ ಹಾಗೆ.

ಆದರೆ ನನಗೆ ಅರ್ಥವಾಗದ್ದು ಗಾಳಿ. 15 ನಾಟ್ ಅಂದರೆ ಕಡಿಮೆ ಗಾಳಿಯೇನಲ್ಲ, ಸಮುದ್ರದ ಮೇಲೆ ಅಲ್ಲಲ್ಲಿ ಬಿಳಿ ನೊರೆ ಏಳುತ್ತಿತ್ತು. ಮೇಜಿನ ಮೇಲಿನ ಹಾಳೆ ಮಾತ್ರ ಅಲುಗಲಿಲ್ಲ. ಬೆಳಿಗ್ಗೆ ನನ್ನ ಪುಸ್ತಕದ ಒಂದು ಪುಟವೂ ತಾನಾಗಿ ಮಗುಚಿರಲಿಲ್ಲ. ಅಪ್ಪನನ್ನು ಕೇಳಿದೆ, ಕಿವಿಯಿಂದ ಕೈ ತೆಗೆಸಿ. ಅವರು ಹಡಗಿನ ಹೊಗೆಗೊಳವೆ ತೋರಿಸಿದರು. ಹೊಗೆ ಹೆಚ್ಚು ಕಡಿಮೆ ನೇರವಾಗಿ ಮೇಲಕ್ಕೆ ಹೋಗುತ್ತಿತ್ತು, ಗಾಳಿಯೇ ಇಲ್ಲದ ದಿನ ಒಲೆಯ ಹೊಗೆ ಹೋದ ಹಾಗೆ.

"ಗಾಳಿ ಹಿಂದಿನಿಂದ ಬರ್ತಿದೆ. ನಾವೂ ಅದರ ಜೊತೆಗೇ ಹೋಗ್ತಿದ್ದೀವಿ. ಅದು ಹದಿನೈದು, ನಾವು ಹದಿನೆಂಟು. ಕಳೆದರೆ ಮಿಕ್ಕಿದ್ದೆಷ್ಟು?"

ಮೂರು. ಮೂರು ನಾಟ್ ಗಾಳಿಗೆ ಹಾಳೆ ಯಾಕೆ ಹಾರುತ್ತದೆ. ಕೊಲಂಬಸ್‌ನ ಹಾಯಿಗಳನ್ನು ತಳ್ಳಿದ್ದೂ ಇದೇ ವಾಣಿಜ್ಯ ಮಾರುತ. ಹಾಯಿ ಹಡಗುಗಳ ಕಾಲದುದ್ದಕ್ಕೂ ಯೂರೋಪಿನಿಂದ ಹೊರಟವರು ಈ ಗಾಳಿ ಹಿಡಿಯಲೆಂದೇ ದಕ್ಷಿಣಕ್ಕೆ ಇಳಿದು ಆಮೇಲೆ ಪಶ್ಚಿಮಕ್ಕೆ ತಿರುಗುತ್ತಿದ್ದರು. ನಮಗೆ ಅದು ಇದೆ ಅಂತಲೇ ಗೊತ್ತಾಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅಪ್ಪ ಬರಲಿಲ್ಲ, ನೆರಳು ಕಾಯಬೇಕಲ್ಲ. ನಾನೇ ತಟ್ಟೆಯಲ್ಲಿ ತಂದುಕೊಟ್ಟೆ. ಒಂದೂ ಕಾಲಿನ ಹೊತ್ತಿಗೆ ನೆರಳು ಬೆಳಿಗ್ಗೆಯ ಚುಕ್ಕೆಯಷ್ಟೇ ಉದ್ದ ಆಯಿತು. ಹಡಗು ಸ್ವಲ್ಪ ತೂಗಿದರೂ ತುದಿ ಆಚೆ ಈಚೆ ಆಗುತ್ತಿತ್ತು. ಅದಕ್ಕೆ ಅಪ್ಪ ಒಂದಲ್ಲ, ಐದು ಜೊತೆ ಚುಕ್ಕೆ ಹಾಕಿ ಸರಾಸರಿ ತೆಗೆದರು. ಅಷ್ಟರಲ್ಲಿ ಅಮ್ಮ ಹುಡುಕಿಕೊಂಡು ಬಂದಳು.

"ರೀ, ನನ್ನ ಹಾಳೆ ಎಲ್ರೀ? ಮೂರು ಗಂಟೆಗೆ ಎಲ್ಲಿ ಬಿಂಗೋ ಅಂತ ಅದರಲ್ಲೇ ಬರ್ಕೊಂಡಿದ್ದೆ."

"ಒಂದೇ ಒಂದು ನಿಮಿಷ ಇರೇ, ಇದನ್ನ ಎತ್ತಿದರೆ ಅಟ್ಲಾಂಟಿಕ್ ಎಲ್ಲ ಕಲಸಿ ಹೋಗುತ್ತೆ."

ಉತ್ತರ ಬಂತು. ಸೂರ್ಯ ನಮ್ಮ ನೆತ್ತಿಯ ಗೆರೆ ದಾಟಿದ್ದು ಅಪ್ಪನ ವಾಚಿನಲ್ಲಿ ಸಂಜೆ 7 ಗಂಟೆ 46 ನಿಮಿಷಕ್ಕೆ. ರೇಖಾಂಶವನ್ನು ಸೊನ್ನೆಯಿಂದ ಎಣಿಸಲು ಶುರುಮಾಡುವ ಜಾಗ ಗ್ರೀನಿಚ್. ಐದೂವರೆ ಗಂಟೆ ಕಳೆದು ಅಲ್ಲಿನ ಗಂಟೆಗೆ ತಿರುಗಿಸಿದರೆ ಮಧ್ಯಾಹ್ನ 2 ಗಂಟೆ 16 ನಿಮಿಷ. ಅಲ್ಲಿ ಮಧ್ಯಾಹ್ನವಾಗಿ 136 ನಿಮಿಷ ಆದ ಮೇಲೆ ನಮಗೆ ಮಧ್ಯಾಹ್ನ. ನಾಲ್ಕರಿಂದ ಭಾಗಿಸಿದರೆ 34. ನಾವು ಗ್ರೀನಿಚ್‌ನಿಂದ 34 ಡಿಗ್ರಿ ಪಶ್ಚಿಮದಲ್ಲಿದ್ದೇವೆ.

ಕ್ಯಾಬಿನ್ನಿಗೆ ಹೋಗಿ ಟಿವಿ ಹಾಕಿದೆವು. ಆಗಲೇ ಹಡಗು ಸ್ವಲ್ಪ ಮುಂದೆ ಬಂದಿತ್ತು. ಅದನ್ನು ಕಳೆದು ನೋಡಿದರೆ ನಡುಮಧ್ಯಾಹ್ನಕ್ಕೆ ನಾವಿದ್ದದ್ದು 38 ಡಿಗ್ರಿಯಲ್ಲಿ.

ನಾಲ್ಕು ಡಿಗ್ರಿ ತಪ್ಪು. ನಾವಿದ್ದ ಅಕ್ಷಾಂಶದಲ್ಲಿ ಅದು 400 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಹಡಗಿಗೆ ಹನ್ನೆರಡು ಗಂಟೆಯ ದಾರಿ. ಅಪ್ಪನ ಲೆಕ್ಕದಲ್ಲಿ ನಾವು ಅರ್ಧ ದಿನ ಹಿಂದಿದ್ದೆವು.

ಪೆನ್ನು ಮತ್ತು ಕಾಗದದ ಲೋಟದಲ್ಲಿ ಇಷ್ಟು ಬಂದದ್ದೇ ಹೆಚ್ಚು ಅಂತ ನಾನು ಹೇಳಿದೆ. ಅಪ್ಪನಿಗೆ ಸಮಾಧಾನವಾಗಲಿಲ್ಲ. ಗಣಿತದ ಮೇಷ್ಟ್ರಿಗೆ ಪರವಾಗಿಲ್ಲ ಅನ್ನುವ ಮಾತು ಬೈಗುಳದ ಹಾಗೆ ಕೇಳಿಸುತ್ತದೆ. ಸೀದಾ ಪ್ರಾಮೆನೇಡ್ ಡೆಕ್ಕಿಗೆ ಹೋಗಿ ನನ್ನ ಪಕ್ಕದ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು. ನೋಡುವವರಿಗೆ ಮನುಷ್ಯ ಎಷ್ಟು ಆರಾಮಾಗಿ ಮಲಗಿದ್ದಾನೆ ಅನ್ನಿಸಬೇಕು. ಬೆರಳುಗಳು ಮಾತ್ರ ಹೊಟ್ಟೆಯ ಮೇಲೆ ಎಣಿಸುತ್ತಿದ್ದವು.

ಆ ಮಧ್ಯಾಹ್ನದ ಬಗ್ಗೆ ಹೇಳಲು ಜಾಸ್ತಿ ಏನೂ ಇಲ್ಲ. ಅದೇ ಅದರ ಚೆಂದ. ಕಂದು-ಹಳದಿ ಪಾಚಿಯ ಉದ್ದುದ್ದ ಪಟ್ಟಿಗಳು ತೇಲಿ ಬಂದವು, ಯಾರೋ ಸಮುದ್ರಕ್ಕೆ ಅಂಚು ಹೊಲಿದ ಹಾಗೆ. ಸರ್ಗಾಸಮ್ ಅನ್ನುವ ಈ ಪಾಚಿಗೆ ಬೇರು ಊರಲು ನೆಲವೇ ಬೇಡ, ತೇಲುತ್ತಲೇ ಬೆಳೆಯುತ್ತದೆ. ಒಂದು ಸಲ ಹಡಗಿನ ಪಕ್ಕದಿಂದ ಬೆಳ್ಳಿಯ ಚೂರುಗಳ ಹಾಗೆ ಏನೋ ಸಿಡಿಯಿತು. ಹಾರುಮೀನು. ಇಪ್ಪತ್ತು ಮೂವತ್ತು ಇದ್ದವು. ಅಲೆಯ ಮೇಲೆ ರೆಕ್ಕೆ ಬಿಚ್ಚಿ, ಬಡಿಯದೆ, ತೇಲಿಕೊಂಡು ಹೋಗಿ ಇನ್ನೊಂದು ಅಲೆಯ ಹೊಟ್ಟೆಗೆ ಬಿದ್ದವು. ಹಡಗನ್ನು ಯಾವುದೋ ದೊಡ್ಡ ಮೀನು ಅಂದುಕೊಂಡಿರಬೇಕು.

ಬೇರೆ ಹಡಗು ಒಂದೂ ಕಾಣಲಿಲ್ಲ. ನೀರಿನಿಂದ ಮೂವತ್ತು ಮೀಟರ್ ಎತ್ತರದಲ್ಲಿ ನಿಂತರೆ ದಿಗಂತ ಸುಮಾರು 20 ಕಿಲೋಮೀಟರ್ ದೂರ ಇರುತ್ತದೆ. ಸುತ್ತಲೂ ಅಷ್ಟು. ಒಂದು ಸಾವಿರದ ಇನ್ನೂರು ಚದರ ಕಿಲೋಮೀಟರಿನ ಬಟ್ಟಲು, ಅದರ ಸರಿಯಾದ ನಡುವೆ ನಾವು. ಎಷ್ಟು ಓಡಿದರೂ ನಡುವೆಯೇ.

ನಾಲ್ಕಕ್ಕೆ ಕ್ಯಾಬಿನ್ನಿಗೆ ಬಂದಾಗ ಕೋಣೆ ಚೊಕ್ಕಟ ಮಾಡುವ ಹುಡುಗ ಕಾರಿಡಾರಿನಲ್ಲಿ ಕಾಯುತ್ತಿದ್ದ. ಬೆಳಿಗ್ಗೆಯಿಂದ ಮೂರು ಸಲ ಬಂದಿದ್ದನಂತೆ. ಸೀ ಡೇ ಅಂದರೆ ಅವರಿಗೆ ಎಲ್ಲಕ್ಕಿಂತ ಭಾರದ ದಿನ. ಬಂದರಿನಲ್ಲಿ ಜನ ಇಳಿದು ಹೋಗುತ್ತಾರೆ, ಕೋಣೆಗಳು ಖಾಲಿ, ಅವರಿಗೂ ಅಪರೂಪಕ್ಕೆ ಎರಡು ಗಂಟೆ ಕೆಳಗೆ ಹೋಗಿ ಮನೆಗೆ ಫೋನ್ ಮಾಡಲು ಆಗುತ್ತದೆ. ಇವತ್ತು ಸಾವಿರಾರು ಜನರೂ ಹಡಗಿನಲ್ಲೇ, ತಿನ್ನುತ್ತಾ, ಟವೆಲ್ಲು ಒದ್ದೆ ಮಾಡುತ್ತಾ. ಹಡಗಿನ ಕೆಲಸಗಾರರಿಗೆ ಅಂತರರಾಷ್ಟ್ರೀಯ ಒಪ್ಪಂದ ಇದೆ, 2006ರದು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಕೊಡಬೇಕು ಅನ್ನುತ್ತದೆ. ರಜೆಯ ದಿನ ಅನ್ನುವ ಲೆಕ್ಕ ಅವನ ಎಂಟು ತಿಂಗಳ ಕರಾರಿನಲ್ಲಿ ಇರಲಿಲ್ಲ. ನಿನಗೆ ಸಮುದ್ರ ಕಾಣುತ್ತಾ ಅಂತ ಕೇಳಿದೆ. ಅವನ ಕೋಣೆ ಕೆಳಗಡೆ, ಕಿಟಕಿ ಇಲ್ಲ.

"ನಿಮ್ಮ ಪರದೆ ಸರಿಸುವಾಗ ಕಾಣುತ್ತೆ" ಅಂದ.

ನನ್ನ ಪರವಾಗಿ ಯಾರೋ ಹೋಗುತ್ತಿದ್ದಾರೆ ಅಂತ ಬೆಳಿಗ್ಗೆ ಖುಷಿಪಟ್ಟಿದ್ದೆನಲ್ಲ. ಅವನು ಟವೆಲ್ಲನ್ನು ಆನೆಯ ಹಾಗೆ ಮಡಿಸಿ ಹಾಸಿಗೆಯ ಮೇಲಿಟ್ಟು ಹೋದ. ಆ ರಾತ್ರಿ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಒದ್ದೆ ಕೈ ಪ್ಯಾಂಟಿಗೇ ಒರೆಸಿಕೊಂಡೆ.

ಸೂರ್ಯ ಮುಳುಗುವ ಹೊತ್ತಿಗೆ ಅಪ್ಪ ಕುರ್ಚಿಯಲ್ಲಿ ಎದ್ದು ಕೂತರು.

"ನಾಲ್ಕು ನಾಲ್ಕಲೆ ಹದಿನಾರು!"

ಪಕ್ಕದಲ್ಲಿ ನಡೆಯುತ್ತಿದ್ದವರು ಬೆಚ್ಚಿಬಿದ್ದರು.

"ನನ್ನ ತಪ್ಪಲ್ಲ ಕಣೋ. ಸೂರ್ಯನದ್ದು! ಇವತ್ತು ಅವನು ಹದಿನಾರು ನಿಮಿಷ ಬೇಗ ಬಂದಿದ್ದಾನೆ."

ವಿಷಯ ಹೀಗಿದೆ. ಸೂರ್ಯ ದಿನಾ ಸರಿಯಾಗಿ 24 ಗಂಟೆಗೊಮ್ಮೆ ನೆತ್ತಿಗೆ ಬರುವವನಲ್ಲ. ಭೂಮಿಯ ದಾರಿ ಪೂರ್ತಿ ಗುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಹೀಗಾಗಿ ಕೆಲವು ದಿನ ನೆರಳಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ಮುಂದೆ, ಕೆಲವು ದಿನ ಹಿಂದೆ. ನಮ್ಮ ಗಡಿಯಾರಗಳು ವರ್ಷದ ಸರಾಸರಿ ಹಿಡಿದು ನಡೆಯುತ್ತವೆ. ಫೆಬ್ರವರಿಯಲ್ಲಿ ಸೂರ್ಯ ಸುಮಾರು 14 ನಿಮಿಷ ತಡ. ನವೆಂಬರ್ ಮೊದಲ ವಾರದಲ್ಲಿ ಸುಮಾರು 16 ನಿಮಿಷ ಬೇಗ, ವರ್ಷದಲ್ಲೇ ಅತಿ ಹೆಚ್ಚು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ, ಹದಿನಾರಕ್ಕೆ ನಾಲ್ಕು. ಅಪ್ಪ ಲೆಕ್ಕಕ್ಕೆ ವರ್ಷದ ಅತ್ಯಂತ ಕೆಟ್ಟ ವಾರವನ್ನೇ ಆರಿಸಿಕೊಂಡಿದ್ದರು. ಹದಿನಾರು ಸೇರಿಸಿದರೆ 136 ಹೋಗಿ 152. ಭಾಗಿಸು ನಾಲ್ಕು, 38. ಟಿವಿ ಹೇಳಿದ್ದೇ.

ರಾತ್ರಿ ಊಟದ ಮೇಜಿನಲ್ಲಿ ಈ ಕಥೆ ಅಮ್ಮನ ಆರು ಗೆಳತಿಯರಿಗೂ ಕರವಸ್ತ್ರ, ಉಪ್ಪಿನ ಡಬ್ಬಿ, ಒಂದು ಕಿತ್ತಳೆ ಇಟ್ಟುಕೊಂಡು ಹೇಳಲಾಯಿತು. ಅವರಿಗೆ ಏನು ಅರ್ಥವಾಯಿತೋ ತಿಳಿಯದು, ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ಅಮ್ಮ ಬಿಂಗೋದಲ್ಲಿ ಒಂದು ಟೋಪಿ ಗೆದ್ದಿದ್ದಳು. ಅದಕ್ಕೂ ಚಪ್ಪಾಳೆ ಬಿತ್ತು.

ಕ್ಯಾಬಿನ್ನಿನಲ್ಲಿ ಆನೆಯ ಪಕ್ಕ ಒಂದು ಚೀಟಿ ಇತ್ತು. ಇಂದು ರಾತ್ರಿ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ಇಪ್ಪತ್ತೈದು ಗಂಟೆಯ ದಿನ. ಹೆಚ್ಚಿನ ಗಂಟೆಯಲ್ಲಿ ಏನು ಮಾಡುವುದು ಅಂತ ಯೋಚಿಸುತ್ತಾ ಬಾಲ್ಕನಿಗೆ ಬಂದೆ. ಹನ್ನೆರಡರ ಹತ್ತಿರ. ಕತ್ತಲಲ್ಲಿ ಗೆರೆ ಕಾಣುತ್ತಿರಲಿಲ್ಲ, ನಕ್ಷತ್ರ ಎಲ್ಲಿ ಮುಗಿಯುತ್ತವೋ ಅಲ್ಲಿ ಸಮುದ್ರ ಶುರು ಅಂತ ತಿಳಿದುಕೊಳ್ಳಬೇಕು. ಹಲಗೆಯ ಆ ಕಡೆಯಿಂದ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದೆ. ಅಪ್ಪ.

"ನನ್ನ ತಪ್ಪು ಲೆಕ್ಕ ಇದೆಯಲ್ಲ," ಅಂದರು, "ಅದರ ಪ್ರಕಾರ ನಾವು ಈಗ 38 ಡಿಗ್ರಿಗೆ ಬಂದ್ವಿ. ಅರ್ಧ ದಿನ ತಡ, ಅಷ್ಟೇ."

"ಅರ್ಜೆಂಟ್ ಏನಿತ್ತು ಅಪ್ಪಾ?"

ಅವರು ನಕ್ಕರು. ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಒಳಗಿನಿಂದ ಅಮ್ಮನ ನಿದ್ದೆಗಣ್ಣಿನ ದನಿ ಬಂತು.

"ರೀ, ಗಂಟೆ ಎಷ್ಟ್ರೀ?"

ಅಪ್ಪ ವಾಚನ್ನು ಕ್ಯಾಬಿನ್ನಿನ ದೀಪದ ಬೆಳಕಿಗೆ ಹಿಡಿದರು.

"ಯಾವ ಗಂಟೆ ಬೇಕೇ?"